ನೀರಿನೊಳಗೆ ಇಷ್ಟೊಂದು ಬೆಂಕಿಯೇ!

ಒಂದು ಲೀಟರ್ ನೀರನ್ನು ವಿದ್ಯುತ್ತಿನಿಂದ ಒಡೆದರೆ ಏನು ಸಿಗುತ್ತದೆ ಗೊತ್ತೇ? ಸುಮಾರು 112 ಗ್ರಾಂ ಜಲಜನಕ! ಅನಿಲವಾಗಿ ಅಳೆದರೆ 1,200 ಲೀಟರಿಗೂ ಮಿಕ್ಕಿ! ಕಿಡಿ ಸೋಕಿದರೆ ಸಾಕು, ಧಗ್ಗನೆ ಹೊತ್ತಿಕೊಳ್ಳುತ್ತದೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಪೆಟ್ರೋಲಿನ ಸುಮಾರು ಮೂರು ಪಟ್ಟು ಶಕ್ತಿ. ಬೆಂಕಿ ಆರಿಸಲು ನಾವು ಸುರಿಯುವ ಆ ನೀರಿನ ಹೊಟ್ಟೆಯಲ್ಲೇ ಇದೆಲ್ಲ ಅಡಗಿದೆ!

ಬ್ಯಾಟರಿಯಿಂದ ನೀರು ಹೀಗೆ ಒಡೆಯುವುದನ್ನು ಮೊದಲು ಕಣ್ಣಾರೆ ಕಂಡವರು ವಿಲಿಯಂ ನಿಕಲ್ಸನ್ ಮತ್ತು ಆಂಥೊನಿ ಕಾರ್ಲೈಲ್. 1800ರ ಮೇ ತಿಂಗಳು, ಲಂಡನ್. ವೋಲ್ಟಾ ಆಗಷ್ಟೇ ರೂಪಿಸಿದ್ದ ಬ್ಯಾಟರಿಯ ತಂತಿಗಳನ್ನು ನೀರಿಗಿಳಿಸಿದರು, ಗುಳ್ಳೆಗಳು ಏಳತೊಡಗಿದವು. ಏಳು ವರ್ಷ ಕಳೆಯುವಷ್ಟರಲ್ಲಿ ಐಸಾಕ್ ದ ರಿವಾಜ್, ಜಲಜನಕವನ್ನು ಕಿಡಿಯಿಂದ ಸಿಡಿಸಿ ಓಡಿಸುವ ಎಂಜಿನ್ನಿಗೆ ಪೇಟೆಂಟ್ ಪಡೆದೇಬಿಟ್ಟ! ಕಾರ್ಲ್ ಬೆಂಜ್‌ನ ಪೆಟ್ರೋಲ್ ಗಾಡಿ ಬರಲು ಇನ್ನೂ ಸುಮಾರು 80 ವರ್ಷವಿತ್ತು.

ಇಂಥ ಬೆರಗಿನ ಬೆನ್ನಿಗೇ ಆಸೆಯೂ ಹುಟ್ಟುವುದು ಸಹಜ. ಅಮೆರಿಕದ ಓಹಾಯೊ ರಾಜ್ಯದ ಸ್ಟ್ಯಾನ್ಲಿ ಮೇಯರ್ ತನ್ನ ಡ್ಯೂನ್ ಬಗ್ಗಿ ಗಾಡಿ ನೀರಿನಿಂದಲೇ ಓಡುತ್ತದೆ ಎಂದ. ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ವರೆಗೆ, ಅಂದರೆ ದೇಶದ ಈ ತುದಿಯಿಂದ ಆ ತುದಿಗೆ, 83 ಲೀಟರ್ ನೀರು ಸಾಕಂತೆ! ಹಣ ಹೂಡಿದ ಇಬ್ಬರು ಕೋರ್ಟಿಗೆ ಹೋದರು. ತಜ್ಞರು ಅವನ ಯಂತ್ರ ಪರೀಕ್ಷಿಸಿದರು. ಅಲ್ಲಿದ್ದದ್ದು ಮಾಮೂಲಿ ವಿದ್ಯುದ್ವಿಭಜನೆ, ಬೇರೇನೂ ಇಲ್ಲ. 1996ರಲ್ಲಿ ನ್ಯಾಯಾಲಯ ಇದು ಘೋರ ವಂಚನೆ ಎಂದು ತೀರ್ಪಿತ್ತು, 25,000 ಡಾಲರ್ ಹಿಂದಿರುಗಿಸಲು ಹೇಳಿತು. 1998ರಲ್ಲಿ ಹೋಟೆಲೊಂದರಲ್ಲಿ ಕುಸಿದು ಮೇಯರ್ ತೀರಿಕೊಂಡ. ವಿಷವಿಟ್ಟರೆಂಬ ಗುಲ್ಲು ಇಂದಿಗೂ ಅಡಗಿಲ್ಲ. ಮಿದುಳಿನ ರಕ್ತನಾಳದ ದೋಷದಿಂದ ಸತ್ತನೆಂದು ತನಿಖೆ ಅಂದೇ ಹೇಳಿತ್ತು.

ಹಾಗಾದರೆ ತೊಡಕು ಎಲ್ಲಿದೆ? ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನಿಸುವ ಸಂಗತಿ ಇದೇ. ನೀರು ಇಂಧನವಲ್ಲ, ಉರಿದು ಮುಗಿದ ಜಲಜನಕದ ಬೂದಿ! ಸಮುದ್ರ, ಹೊಳೆ, ಬಾವಿಗಳಲ್ಲಿ ಇರುವುದೆಲ್ಲ ಎಂದೋ ಆಮ್ಲಜನಕದ ಜೊತೆ ಕೂಡಿ ತನ್ನ ಶಕ್ತಿ ಬಿಟ್ಟುಕೊಟ್ಟದ್ದು. ಅದನ್ನು ಮತ್ತೆ ಇಂಧನ ಮಾಡಬೇಕಾದರೆ ಅಂದು ಹೊರಟುಹೋದ ಶಕ್ತಿಯಷ್ಟನ್ನೂ ನಾವು ವಾಪಸು ತುಂಬಬೇಕು. ಒಂದು ಕಿಲೋ ಜಲಜನಕಕ್ಕೆ 9 ಲೀಟರ್ ನೀರು, 50 ಯೂನಿಟ್ಟಿಗೂ ಹೆಚ್ಚು ಕರೆಂಟ್. ಅದೇ ಒಂದು ಕಿಲೋ ನಮಗೆ ಮರಳಿ ಕೊಡುವ ಶಕ್ತಿ ಸುಮಾರು 33 ಯೂನಿಟ್, ಚಕ್ರಕ್ಕೆ ತಲುಪುವುದು ಅದರಲ್ಲಿ ಅರ್ಧದ ಆಸುಪಾಸು.

ಕಾರಿನ ಬಾನೆಟ್ ಕೆಳಗೆ ಕೂತು, ನೀರನ್ನು ಒಡೆದು ಆ ಅನಿಲವನ್ನು ಎಂಜಿನ್ನಿಗೆ ಊಡಿಸುವ ಎಚ್‌ಎಚ್‌ಒ ಕಿಟ್‌ಗಳದೂ ಇದೇ ಲೆಕ್ಕ. ನೀರು ಒಡೆಯುವ ಕರೆಂಟ್ ಬ್ಯಾಟರಿಯದು, ಬ್ಯಾಟರಿ ತುಂಬಿಸುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ಎಂಜಿನ್, ಎಂಜಿನ್ ಉರಿಸುವುದು ಪೆಟ್ರೋಲ್!

ಆದರೂ ಕನಸು ಸತ್ತಿಲ್ಲ, ನೋಡಿ! ಬೆಂಗಳೂರಿನ ಟೊಯೊಟಾ ಕಿರ್ಲೋಸ್ಕರ್ 2022ರ ಮಾರ್ಚ್‌ನಲ್ಲಿ ಪ್ರಯೋಗಕ್ಕೆ ಇಳಿಸಿದ ಮಿರಾಯ್ ಕಾರು ಓಡುವುದು ಜಲಜನಕದಿಂದಲೇ, ಹೊರಬಿಡುವುದು ನೀರನ್ನೇ! ಚಂದ್ರಯಾನ-3 ಹೊತ್ತ ರಾಕೆಟ್ಟಿನ ಮೇಲಿನ ಹಂತ ಉರಿಸಿದ್ದು ಮೈನಸ್ 253 ಡಿಗ್ರಿಯಲ್ಲಿ ದ್ರವವಾಗುವ ಇದೇ ಜಲಜನಕವನ್ನು. ಎರಡರಲ್ಲೂ ಗುಟ್ಟೇನಿಲ್ಲ. ಬೇರೆಡೆ ಶಕ್ತಿ ಖರ್ಚು ಮಾಡಿ ಜಲಜನಕ ತಯಾರಿಸಿ ಟ್ಯಾಂಕಿಗೆ ತುಂಬಿದ್ದಾರೆ. ಇವತ್ತು ಜಗತ್ತಿನ ಜಲಜನಕದಲ್ಲಿ ಬಹುಪಾಲು ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಬಿಸಿಲು, ಗಾಳಿಗಳ ಕರೆಂಟಿನಿಂದ ನೀರನ್ನು ಒಡೆಯುವುದು ಅಗ್ಗವಾಗಬೇಕು, ನಿಜವಾದ ಪಂದ್ಯ ಅಲ್ಲಿದೆ.

ನೀರಿನಿಂದ ಓಡುವ ಗಾಡಿ ತೋರಿಸಿ ಯಾರಾದರೂ ಹಣ ಕೇಳಿದರೆ ಬೆರಗಾಗಿ, ಬೇಡವೆನ್ನುವುದಿಲ್ಲ. ಜೇಬಿಗೆ ಕೈ ಹಾಕುವ ಮೊದಲು ಮಾತ್ರ ಒಂದು ಪ್ರಶ್ನೆ ಕೇಳಿ: ಈ ನೀರನ್ನು ಒಡೆಯಲು ಕರೆಂಟ್ ಎಲ್ಲಿಂದ ಬರುತ್ತಿದೆ?