ಮಂಡಿ ಶಸ್ತ್ರಚಿಕಿತ್ಸೆಗೆ ಮೊದಲು ಥೈರಾಯ್ಡ್ ಲೆಕ್ಕ



ಇಳಿಜಾರಿನ ತೋಟವನ್ನು ಮೂವತ್ತು ನಲವತ್ತು ವರ್ಷ ಹತ್ತಿ ಇಳಿದವರಲ್ಲಿ, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಹೊತ್ತು ಅಡಿಕೆ ಸುಲಿದವರಲ್ಲಿ ಮಂಡಿ ನೋವು ಕಾಣದವರು ಕಡಿಮೆ. ಇವರಲ್ಲಿ ಹಲವರು, ಅದರಲ್ಲಿಯೂ ಹೆಂಗಸರು, ದಿನವೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರೂ ಆಗಿದ್ದಾರೆ. ಮಂಡಿಗೆ ಒಬ್ಬ ವೈದ್ಯರು, ಥೈರಾಯ್ಡಿಗೆ ಮತ್ತೊಬ್ಬರು. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಏಕೆ ನೋಡಬೇಕೆಂಬುದನ್ನು ಇಲ್ಲಿ ತಿಳಿಸಬಯಸುತ್ತೇವೆ.

ಹೀಗೆ ಬರೆಯಲು ಕಾರಣವುಂಟು. ನಮ್ಮ ಸದಸ್ಯರೊಬ್ಬರು ಪತ್ನಿಯ ಮಂಡಿ ಬದಲಾವಣೆಗೆಂದು ಸಂಘದಿಂದ ಸಾಲ ಪಡೆದು, ತೋಟ ನೋಡಿಕೊಳ್ಳಲು ಆಳು ಗೊತ್ತುಮಾಡಿ, ಬಾಡಿಗೆ ಕಾರಿನಲ್ಲಿ ಪಟ್ಟಣದ ಆಸ್ಪತ್ರೆಗೆ ಹೋದರು. ದಾಖಲಾದ ಮೇಲೆ ರಕ್ತ ಪರೀಕ್ಷೆ ಮಾಡಿದಾಗ ಟಿ.ಎಸ್.ಎಚ್. ಎಂಬ ಅಂಕಿ 40 ದಾಟಿತ್ತು. ಅರಿವಳಿಕೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಅವರು ಮಾಡಿದ್ದು ಸರಿಯೇ. ಆದರೆ ಕೋಣೆಯ ಬಾಡಿಗೆ, ಕಾರಿನ ಬಾಡಿಗೆ, ಸಾಲದ ಬಡ್ಡಿ ಎಲ್ಲವೂ ದಂಡವಾಯಿತು. ಅದೇ ಪರೀಕ್ಷೆಯನ್ನು ಮೂರು ತಿಂಗಳ ಮೊದಲೇ ಮಾಡಿಸಿದ್ದರೆ ಈ ನಷ್ಟ ಬರುತ್ತಿರಲಿಲ್ಲ.

ಗ್ರಂಥಿ ಮಾಡುವ ಕೆಲಸ

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ ಒಂದು ಸಣ್ಣ ಗ್ರಂಥಿ. ಇದರಿಂದ ಹೊರಡುವ ಥೈರಾಕ್ಸಿನ್ ರಸವೇ ಹೃದಯ, ಸ್ನಾಯು, ಕರುಳು, ಮೆದುಳು ಇವೆಲ್ಲದರ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ರಸ ಕಡಿಮೆಯಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಅನ್ನು ಹೆಚ್ಚು ಹೆಚ್ಚು ಕಳಿಸಿ ಥೈರಾಯ್ಡನ್ನು ಎಚ್ಚರಿಸುತ್ತದೆ. ಆದ್ದರಿಂದಲೇ ಟಿ.ಎಸ್.ಎಚ್. ಏರಿದೆ ಎಂದರೆ ಸಾಮಾನ್ಯವಾಗಿ ಥೈರಾಯ್ಡ್ ಸೊರಗಿದೆ ಎಂದರ್ಥ. ವಯಸ್ಕರಲ್ಲಿ ಈ ಅಂಕಿ ಸುಮಾರು 0.4ರಿಂದ 4ರವರೆಗೆ ಇರುವುದು ವಾಡಿಕೆ. ವಯಸ್ಸಾದವರಲ್ಲಿ ಕೊಂಚ ಹೆಚ್ಚಿರಬಹುದು.

ನೋವು ಯಾವುದರದು?

ಥೈರಾಯ್ಡ್ ಕಡಿಮೆಯಾದವರಿಗೆ ಮೈಕೈ ನೋವು, ಸ್ನಾಯು ಸೆಳೆತ, ಬೆಳಗಿನ ಬಿಗಿತ, ಕೈ ಜೋಮು, ಆಯಾಸ ಕಾಣಿಸುತ್ತವೆ. ಮೈತೂಕವೂ ಸ್ವಲ್ಪ ಏರುತ್ತದೆ. ಸವೆದ ಮಂಡಿಯ ನೋವಿನ ರೀತಿ ಬೇರೆ. ಅದು ಭಾರ ಬಿದ್ದಾಗ, ದಿಬ್ಬ ಹತ್ತುವಾಗ, ಮೆಟ್ಟಿಲಿಳಿಯುವಾಗ ಹೆಚ್ಚಾಗಿ, ಕುಳಿತಾಗ ತಗ್ಗುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಮೂಳೆಗಳ ನಡುವಣ ಅಂತರ ಕಿರಿದಾಗಿರುತ್ತದೆ. ಎಷ್ಟೋ ಜನರಲ್ಲಿ ಎರಡೂ ಕೂಡಿಕೊಂಡಿರುತ್ತವೆ.

ಹುಳಿ ಮಣ್ಣಿಗೆ ಸುಣ್ಣ ಹಾಕದೆ ಗೊಬ್ಬರವನ್ನೇ ಸುರಿದರೆ ಫಲವೇನೆಂಬುದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಇಲ್ಲಿಯೂ ಹಾಗೆಯೇ. ಮೊದಲು ಥೈರಾಯ್ಡ್ ಸರಿಯಾಗಲಿ; ಆಮೇಲೆ ಉಳಿದ ನೋವೆಷ್ಟೆಂದು ನೋಡಿ ಮಂಡಿಯ ತೀರ್ಮಾನ ಮಾಡುವುದು ಲೇಸು. ಮಂಡಿ ಬದಲಾಯಿಸಿಕೊಂಡವರಲ್ಲಿ ಹತ್ತರಲ್ಲಿ ಒಬ್ಬಿಬ್ಬರಿಗೆ ಪೂರ್ಣ ತೃಪ್ತಿ ಸಿಗುವುದಿಲ್ಲ. ಸ್ನಾಯುವಿನ ನೋವನ್ನು ಲೋಹದ ಮಂಡಿ ಹೋಗಲಾಡಿಸಲಾರದು.

ವೈದ್ಯರು ಮುಂದೂಡುವುದೇಕೆ?

ಥೈರಾಯ್ಡ್ ತೀರ ಕಡಿಮೆಯಿರುವ ದೇಹದಲ್ಲಿ ಹೃದಯದ ಬಡಿತ ನಿಧಾನ, ಉಸಿರಾಟ ಮಂದ. ಅರಿವಳಿಕೆಯ ಔಷಧಿ ಮತ್ತು ನೋವು ನಿವಾರಕಗಳು ಬೇಗ ಇಳಿಯದೆ ಮಂಪರು ಮುಂದುವರಿಯುತ್ತದೆ. ರಕ್ತದಲ್ಲಿ ಸೋಡಿಯಂ ಅಂಶ ಇಳಿಯಬಹುದು, ಗಾಯ ಮಾಯಲು ತಡವಾಗಬಹುದು. ಅಪರೂಪಕ್ಕೆ ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುವವರಲ್ಲಿಯಂತೂ ಅಪಾಯ ಇನ್ನೂ ಹೆಚ್ಚು: ಹೃದಯದ ಬಡಿತ ಹಿಡಿತ ತಪ್ಪಬಹುದು. ಅಂಥವರು ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು. ಗಂಟಲಿನಲ್ಲಿ ಗಡ್ಡೆಯಿದ್ದರೆ ಅದು ಶ್ವಾಸನಾಳವನ್ನು ಒತ್ತಬಹುದಾದ್ದರಿಂದ ಅರಿವಳಿಕೆ ವೈದ್ಯರಿಗೆ ಮೊದಲೇ ತೋರಿಸತಕ್ಕದ್ದು.

ಹಾಗೆಂದು ಅಂಕಿ ಕೊಂಚ ಹೆಚ್ಚಿದ್ದಾಕ್ಷಣ ಹೆದರಬೇಕಾಗಿಲ್ಲ. ಥೈರಾಕ್ಸಿನ್ ಸರಿಯಾಗಿದ್ದು ಟಿ.ಎಸ್.ಎಚ್. ಮಾತ್ರ ಸ್ವಲ್ಪ ಮೇಲಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ನಿಲ್ಲಿಸುವುದಿಲ್ಲ. ಹತೋಟಿಯಲ್ಲಿರುವ ಥೈರಾಯ್ಡ್ ಮಂಡಿ ಬದಲಾವಣೆಗೆ ಅಡ್ಡಿಯೂ ಅಲ್ಲ.

ಮಾತ್ರೆ ಮತ್ತು ನಮ್ಮ ಕಾಫಿ

ಮಾತ್ರೆ ತಪ್ಪದೆ ನುಂಗಿದರೂ ಅಂಕಿ ಇಳಿಯದಿರಲು ನಮ್ಮವರಲ್ಲಿ ಸಾಮಾನ್ಯವಾಗಿರಬಹುದಾದ ಕಾರಣವೊಂದಿದೆ. ಅದು ನಾವೇ ಬೆಳೆಯುವ ಕಾಫಿ. ಮಾತ್ರೆಯ ಜೊತೆಗೇ ಅಥವಾ ಕೂಡಲೇ ಕಾಫಿ ಕುಡಿದರೆ ಔಷಧಿ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗುವುದಿಲ್ಲ. ಆದ್ದರಿಂದ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಡನೆ ಮಾತ್ರೆ ನುಂಗಿ, ಕಾಫಿ ತಿಂಡಿಗೆ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಹಾಗೂ ಕಬ್ಬಿಣಾಂಶದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಶಸ್ತ್ರಚಿಕಿತ್ಸೆಯ ನಂತರ ಈ ಎರಡನ್ನೂ ಕೊಡುವುದುಂಟಾದ್ದರಿಂದ ಇದನ್ನು ಮರೆಯಬಾರದು. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಇರುವ ಗುಳಿಗೆ ತಿನ್ನುವವರಲ್ಲಿ ಪರೀಕ್ಷೆಯ ಅಂಕಿಯೇ ತಪ್ಪಾಗಿ ಬರಬಹುದು. ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು.

ಮಳೆಗಾಲದ ತೇವಕ್ಕೆ ಮಾತ್ರೆ ಕೆಡುತ್ತದೆ. ಒಣಗಿದ ಜಾಗದಲ್ಲಿ, ಬಿಸಿಲು ತಾಗದಂತೆ ಇಡಿರಿ. ಬೇಗ ಸರಿಯಾಗಲೆಂದು ಎರಡೆರಡು ನುಂಗುವುದು ಸಲ್ಲದು. ಹೆಚ್ಚಾದ ಥೈರಾಕ್ಸಿನ್ ಹೃದಯಕ್ಕೂ ಮೂಳೆಗೂ ಕೆಡುಕು.

ದಿನ ಗೊತ್ತುಮಾಡುವ ಕ್ರಮ

ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಅದರ ಫಲ ಟಿ.ಎಸ್.ಎಚ್. ಅಂಕಿಯಲ್ಲಿ ಸರಿಯಾಗಿ ಕಾಣಲು ಆರರಿಂದ ಎಂಟು ವಾರ ಬೇಕು. ಆದುದರಿಂದ ಹಿಂದಕ್ಕೆ ಎಣಿಸಬೇಕು. ಕಾಫಿ, ಅಡಿಕೆ ಕೊಯ್ಲು ಮುಗಿದು ಮಾರ್ಚ್ ಮೊದಲಲ್ಲಿ ಶಸ್ತ್ರಚಿಕಿತ್ಸೆ ಆಗಬೇಕೆಂದಿದ್ದರೆ ನವೆಂಬರ್ ಮೊದಲ ವಾರದಲ್ಲಿ ಒಂದು ಪರೀಕ್ಷೆ, ಜನವರಿ ಮೊದಲಲ್ಲಿ ಎರಡನೆಯದು, ಆಗಲೂ ಪ್ರಮಾಣ ಬದಲಾದರೆ ಫೆಬ್ರವರಿ ಕೊನೆಯಲ್ಲಿ ಮೂರನೆಯದು. ಮೂರನೆಯ ವರದಿ ಕೈಸೇರಿ, ಅದನ್ನು ವೈದ್ಯರು ಒಪ್ಪಿದ ಮೇಲೆಯೇ ಮುಂಗಡ ಹಣ ಕಟ್ಟಿರಿ.

ಮಾರ್ಚ್ ಏಕೆಂದರೆ, ಶಸ್ತ್ರಚಿಕಿತ್ಸೆಯಾದ ದಿನವೋ ಮರುದಿನವೋ ನಡೆಸಲಾರಂಭಿಸುತ್ತಾರಾದರೂ ಧೈರ್ಯವಾಗಿ ಓಡಾಡಲು ಸುಮಾರು ಮೂರು ತಿಂಗಳು ಬೇಕು. ಜೂನ್ ಮಳೆಗೆ ಅಂಗಳ ಪಾಚಿಗಟ್ಟುವ ಮೊದಲು ಕಾಲು ಗಟ್ಟಿಯಾಗಬೇಕು. ಹೂಮಳೆ ಕಾಲದ ತೋಟದ ಕೆಲಸವನ್ನು ಆ ವರ್ಷ ಬೇರೆಯವರಿಗೆ ಒಪ್ಪಿಸಬೇಕಾದೀತು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆಯೂ ಥೈರಾಯ್ಡ್ ಮಾತ್ರೆಯನ್ನು ಗುಟುಕು ನೀರಿನೊಡನೆ ಕೊಡುವುದು ವಾಡಿಕೆ, ವೈದ್ಯರನ್ನು ಕೇಳಿಕೊಳ್ಳಿರಿ. ಈ ಔಷಧಿಯ ಅರ್ಧ ಭಾಗ ಒಂದು ವಾರದವರೆಗೂ ದೇಹದಲ್ಲಿ ಉಳಿಯುವುದರಿಂದ ಒಂದು ದಿನ ತಪ್ಪಿದರೆ ಗಾಬರಿ ಬೇಡ. ಆದರೆ ಆಸ್ಪತ್ರೆಯ ಗಡಿಬಿಡಿಯಲ್ಲಿ ಇದು ದಿನಗಟ್ಟಲೆ ಮರೆತುಹೋಗದಂತೆ ಮನೆಯವರು ನೋಡಿಕೊಳ್ಳಬೇಕು.

ಕೊನೆಯ ತೀರ್ಮಾನ

ಮಂಡಿ ಬದಲಾವಣೆ ತುರ್ತಿನ ಕೆಲಸವಲ್ಲ. ಥೈರಾಯ್ಡ್ ಸರಿಪಡಿಸುವ ಆ ಮೂರು ನಾಲ್ಕು ತಿಂಗಳಲ್ಲಿ ತೊಡೆಯ ಸ್ನಾಯುವಿಗೆ ವ್ಯಾಯಾಮ ಮಾಡಿ, ತೂಕ ಇಳಿಸಿ, ನೋವಿಲ್ಲದ ಕಡೆಯ ಕೈಯಲ್ಲಿ ಊರುಗೋಲು ಹಿಡಿದು ನೋಡಿರಿ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಅಷ್ಟಾಗಿಯೂ ರಾತ್ರಿ ನಿದ್ರೆ ಕೆಡುತ್ತಿದ್ದರೆ, ಮನೆಯಂಗಳ ದಾಟುವುದೇ ಕಷ್ಟವಾಗಿದ್ದರೆ, ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಕಾಗಿಲ್ಲ. ಪೂರ್ಣ ಮಂಡಿ ಬದಲಾವಣೆಯಲ್ಲಿ ನೂರಕ್ಕೆ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಆದರೆ ಕುಕ್ಕರಗಾಲಿನಲ್ಲಿ ಕೂರುವುದು, ನೆಲದಲ್ಲಿ ಕುಳಿತು ಅಡಿಕೆ ಸುಲಿಯುವುದು ಬಿಡಬೇಕಾಗುತ್ತದೆಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿರಿ.

ಹಣದ ವಿಚಾರ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಕೋಣೆ, ವೈದ್ಯರು, ಔಷಧಿ ಇವುಗಳ ಖರ್ಚು ಬೇರೆ. ಆದ್ದರಿಂದ ಅಂದಾಜು ಪಟ್ಟಿಯನ್ನು ಬಾಬುವಾರು ಬರೆಸಿಕೊಳ್ಳಿರಿ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022-23ನೇ ಸಾಲಿನಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಾಗಲಿ, ಬೇರೆ ವಿಮೆಯಲ್ಲಾಗಲಿ ಮಂಡಿ ಬದಲಾವಣೆಗೆ ಎಷ್ಟು ದೊರೆಯುತ್ತದೆಂಬುದನ್ನು ಹೊರಡುವ ಮೊದಲೇ ವಿಚಾರಿಸತಕ್ಕದ್ದು.

ಇನ್ನು ಮುಂದೆ ಇಂಥ ಸಾಲಕ್ಕೆ ಅರ್ಜಿ ತರುವ ಸದಸ್ಯರು ಅಂದಾಜು ಪಟ್ಟಿಯ ಜೊತೆ, ಥೈರಾಯ್ಡ್ ಇದ್ದವರಾದರೆ ಇತ್ತೀಚಿನ ವರದಿಯನ್ನೂ ಒಮ್ಮೆ ನೋಡಿಕೊಂಡು ಬರಬೇಕೆಂದು ಕೋರುತ್ತೇವೆ. ಇದು ಸಂಘದ ನಿಯಮವಲ್ಲ. ನಿಮ್ಮ ಹಣವೂ ಆರೋಗ್ಯವೂ ಉಳಿಯಲೆಂಬ ಸಲಹೆ ಮಾತ್ರ.

— ಕಾರ್ಯದರ್ಶಿ