ಒಲವು ಇಬ್ಬಗೆ, ನಿಷ್ಠೆ ಒಂದೇ
ಮಸ್ಕಿಯ ಬಂಡೆಶಾಸನ 1915ರಲ್ಲಿ ಬೆಳಕಿಗೆ ಬಂದು, ‘ದೇವಾನಾಂಪ್ರಿಯ’ನ ನಿಜನಾಮ ಅಶೋಕನೆಂದು ತಿಳಿದೊಡನೆ ಸಂಶಯ ನೀಗಿತು. ಪ್ರೇಮದಲ್ಲಿ ಹಾಗಲ್ಲ. ನೆರೆಯ ಸಿಂಧನೂರು, ಲಿಂಗಸುಗೂರುಗಳಲ್ಲಾಗಲಿ, ದೂರದ ಬೆಂಗಳೂರಿನಲ್ಲಾಗಲಿ, ಗಂಡು ಹೆಣ್ಣು ಇಬ್ಬರಲ್ಲೂ ಒಲವು ಮೂಡುವ ಸ್ವಭಾವದವರು ತಮ್ಮ ನಿಜವನ್ನು ನುಡಿದೊಡನೆಯೇ ಸಂಶಯ ಹುಟ್ಟುತ್ತದೆ: ‘ಇಂದು ನನ್ನವರು, ನಾಳೆ ಯಾರವರೋ!’

ಅಮೆರಿಕದ ಮನೋವಿಜ್ಞಾನಿ ಲೀಸಾ ಡೈಮಂಡ್ 79 ಮಹಿಳೆಯರ ಬಾಳನ್ನು 10 ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ಹೇಳುತ್ತದೆ. ಇಂಥ ಸ್ವಭಾವದ ಬಹುಪಾಲು ಸ್ತ್ರೀಯರು ಕೊನೆಗೆ ಒಬ್ಬರೊಡನೆಯೇ ನಿಷ್ಠೆಯಿಂದ ಬಾಳುತ್ತಿದ್ದರು. ಆಕರ್ಷಣೆ ಸ್ವಭಾವ, ನಿಷ್ಠೆ ಸಂಕಲ್ಪ.

ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಕಾನೂನಿನ ಭಯ ಕಳೆದರೂ ಮನೆಯವರ ಭಯ ಉಳಿದಿದೆ. ಸತ್ಯ ನುಡಿದವರನ್ನು ಶಂಕಿಸಿದರೆ, ಮುಂದಿನವರು ಅದನ್ನು ಮುಚ್ಚಿಟ್ಟೇ ಹಸೆಮಣೆ ಏರುವರು. ಆಗ ನೋಯುವುದು ಎರಡು ಮನೆ.