ವಿಶ್ವಕಪ್‌ಗೂ ಒಂದು ಪಂಚಾಂಗ ಬೇಡವೇ?

2017ರ ನವೆಂಬರ್‌ನಲ್ಲಿ ನಾನು ಆಕ್ಲೆಂಡ್‌ನ ಮಗಳ ಮನೆಯಲ್ಲಿದ್ದೆ. ರಗ್ಬಿ ಲೀಗ್‌ನ ಗಂಧಗಾಳಿಯೂ ನನಗಿರಲಿಲ್ಲ. ಕಾರು, ಬೇಲಿ, ಅಂಗಡಿಗಳ ಮೇಲೆಲ್ಲ ಟೊಂಗಾದ ಕೆಂಪು ಬಾವುಟಗಳನ್ನು ಕಂಡು ಯಾವುದೋ ಚುನಾವಣೆಯಿರಬೇಕೆಂದು ಭಾವಿಸಿದ್ದೆ. ಸುಮಾರು ಒಂದು ಲಕ್ಷ ಜನರ ಆ ದ್ವೀಪರಾಷ್ಟ್ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನು 28–22ರಿಂದ ಮಣಿಸಿತ್ತು, ಸೆಮಿಫೈನಲ್‌ಗೂ ಬಂದಿತ್ತು. ಅಲ್ಲಿ 0–20ರಷ್ಟು ಹಿಂದಿದ್ದ ತಂಡ ಕೊನೆಯ ಕೆಲವೇ ನಿಮಿಷಗಳಲ್ಲಿ 18–20ಕ್ಕೆ ಏರಿ, ಇಂಗ್ಲೆಂಡ್‌ಗೆ ಸೋತಿತು. ಬಾವುಟಗಳು ಮಾತ್ರ ಇಳಿಯಲಿಲ್ಲ. ಪಕ್ಕದ ಮನೆಯ ಟೊಂಗಾದ ಹಿರಿಯರನ್ನು ‘ಮುಂದಿನ ಪಂದ್ಯ ಯಾವಾಗ?’ ಎಂದು ಕೇಳಿದೆ. ಅವರು ನಕ್ಕು ಆಕಾಶದತ್ತ ಕೈತೋರಿಸಿದರು.

ಅದು ತಮಾಷೆಯ ಉತ್ತರವಲ್ಲವೆಂದು ಆಮೇಲೆ ತಿಳಿಯಿತು. 1995ರ ನಂತರ ಈ ಆಟದ ವಿಶ್ವಕಪ್ ನಡೆದದ್ದು 2000, 2008, 2013, 2017 ಮತ್ತು 2022ರಲ್ಲಿ. ಒಮ್ಮೆ ಐದು ವರ್ಷ, ಒಮ್ಮೆ ಎಂಟು, ಒಮ್ಮೆ ನಾಲ್ಕು! 2021ರಲ್ಲಿ ಕೋವಿಡ್ ಕಾರಣ ನೀಡಿ ಆಸ್ಟ್ರೇಲಿಯ, ನ್ಯೂಜಿಲೆಂಡ್ ಹಿಂದೆ ಸರಿದವು. ಟೂರ್ನಿ ಒಂದು ವರ್ಷ ಮುಂದಕ್ಕೆ ಹೋಯಿತು. 2025ರ ಆತಿಥ್ಯವನ್ನು ಫ್ರಾನ್ಸ್ 2023ರಲ್ಲಿ ಕೈಬಿಟ್ಟಿತು. ಅದು 2026ಕ್ಕೆ, ಆಸ್ಟ್ರೇಲಿಯಕ್ಕೆ ಜಾರಿತು. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯ ನಡುವಣ ಆ್ಯಷಸ್ ಸರಣಿಯಂತೂ 2003ರ ಬಳಿಕ ಮರಳಿ ಬಂದದ್ದು 2025ರಲ್ಲಿ. (ಹೌದು, ಕ್ರಿಕೆಟ್ಟಿನದಲ್ಲದೆ ಇನ್ನೊಂದು ಆ್ಯಷಸ್ ಕೂಡ ಇದೆ.)

ಇದರ ಪೆಟ್ಟು ಬೀಳುವುದು ಸಣ್ಣ ದೇಶಗಳಿಗೆ. 2019ರಲ್ಲಿ ಟೊಂಗಾ ಒಂದೇ ವಾರದ ಅಂತರದಲ್ಲಿ ಗ್ರೇಟ್ ಬ್ರಿಟನ್ ಮತ್ತು ಆಸ್ಟ್ರೇಲಿಯ ಎರಡನ್ನೂ ಸೋಲಿಸಿತು. ಬೇರೆ ಆಟದಲ್ಲಾಗಿದ್ದರೆ ಮರುವರ್ಷವೇ ಮರುಪಂದ್ಯಕ್ಕೆ ಟಿಕೆಟ್ ಮಾರುತ್ತಿದ್ದರು. ಆಸ್ಟ್ರೇಲಿಯ ಮತ್ತು ಟೊಂಗಾ ಮತ್ತೆ ಮುಖಾಮುಖಿಯಾದದ್ದು 2024ರ ಅಕ್ಟೋಬರ್‌ನಲ್ಲಿ. ಕೋವಿಡ್ ಅಡ್ಡ ಬಂದದ್ದು ನಿಜವಾದರೂ, ಐದು ವರ್ಷವನ್ನೂ ಅದರ ಲೆಕ್ಕಕ್ಕೆ ಬರೆಯಲಾಗದು. ಹೊತ್ತಿಕೊಂಡ ಒಲೆಗೆ ಯಾರೂ ಸೌದೆ ಹಾಕಲಿಲ್ಲ.

ಕಾರಣ ಸರಳ. ಆಟಗಾರರಿಗೆ ಸಂಬಳ ಕೊಡುವುದು ಕ್ಲಬ್‌ಗಳು. ಆಸ್ಟ್ರೇಲಿಯ ಕೇಂದ್ರಿತ ಎನ್‌ಆರ್‌ಎಲ್ ಲೀಗ್ ಮಾರ್ಚ್‌ನಿಂದ ಅಕ್ಟೋಬರ್ ಆರಂಭದವರೆಗೆ ನಡೆಯುತ್ತದೆ. 2023ರಲ್ಲಿ ಅದು 27 ಸುತ್ತುಗಳಿಗೆ ಹಿಗ್ಗಿತು. ನಡುವೆ ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್‌ಗಳ ‘ಸ್ಟೇಟ್ ಆಫ್ ಆರಿಜಿನ್’. ಇಷ್ಟೆಲ್ಲ ಮುಗಿಸಿ ಜರ್ಜರಿತವಾದ ದೇಹವೇ ಅಕ್ಟೋಬರ್‌–ನವೆಂಬರ್‌ನಲ್ಲಿ ದೇಶಕ್ಕೆ ದಕ್ಕುವುದು. ಕಲ್ಲಿದ್ದಲ ಗಣಿ, ಗಿರಣಿಗಳ ಕಾರ್ಮಿಕರು ಆಟಕ್ಕಾಗಿ ಕಳೆದುಕೊಂಡ ದಿನಗೂಲಿಯನ್ನು ತುಂಬಿಕೊಡಬೇಕೇ ಎಂಬ ಜಗಳದಲ್ಲೇ 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಈ ಕವಲು ಮೂಲ ರಗ್ಬಿಯಿಂದ ಸಿಡಿದದ್ದು. ಆಟಗಾರನ ಸಮಯ ಯಾರದ್ದು ಎಂಬ ತಕರಾರು ಇನ್ನೂ ತೀರಿಲ್ಲ.

ಕ್ಲಬ್‌ಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಟಿ.ವಿ. ಹಣ ಬರುವುದು ಅವುಗಳ ಪಂದ್ಯಗಳಿಂದಲೇ. ಐಪಿಎಲ್‌ಗೆ ಬೇಸಿಗೆಯನ್ನೇ ಬರೆದುಕೊಟ್ಟ ನಾವು ಅವುಗಳಿಗೆ ಬುದ್ಧಿ ಹೇಳುವುದೂ ಕಷ್ಟ. ಆದರೆ ಕ್ರಿಕೆಟ್‌ನಲ್ಲಿ ಪ್ರವಾಸಗಳ ಪಟ್ಟಿಯನ್ನು ವರ್ಷಗಳ ಮುಂಚೆಯೇ ಸಿದ್ಧಪಡಿಸುವ ಪದ್ಧತಿಯಾದರೂ ಇದೆ. ರಗ್ಬಿ ಲೀಗ್‌ನಲ್ಲಿ ದೇಶದ ಪಂದ್ಯಗಳಿಗೆ ಸಿಗುವುದು ಕ್ಲಬ್‌ಗಳು ಉಂಡು ಬಿಟ್ಟ ಎಲೆ.

ನನಗೆ ತೋರುವಂತೆ ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ನಡೆಯಬೇಕು. ಎರಡು ಆವೃತ್ತಿಗಳ ದಿನಾಂಕ, ಆತಿಥೇಯ ದೇಶ ಮೊದಲೇ ಗೊತ್ತಿರಬೇಕು. ವಿಶ್ವಕಪ್‌ನ ಮರುವರ್ಷ ದೊಡ್ಡ ತಂಡಗಳು ವಿಶ್ರಮಿಸಲಿ, ಸಣ್ಣವು ಅರ್ಹತಾ ಪಂದ್ಯ ಆಡಲಿ. ಉಳಿದೆರಡು ವರ್ಷ ಪೆಸಿಫಿಕ್ ಟೂರ್ನಿಗೂ ದೀರ್ಘ ಪ್ರವಾಸಗಳಿಗೂ ಮೀಸಲು. ಇದಕ್ಕಾಗಿ ಕ್ಲಬ್‌ಗಳು ಎರಡು ಮೂರು ಸುತ್ತುಗಳನ್ನು ಬಿಟ್ಟುಕೊಡಬೇಕಾದೀತು. ಅವು ಸುಲಭಕ್ಕೆ ಒಪ್ಪಲಾರವು.

ಅಲ್ಲಿಯವರೆಗೆ ಜೂನ್‌ನ ಒಂದು ವಾರಾಂತ್ಯವನ್ನಾದರೂ ಬಿಡಲಿ. 2022ರ ಜೂನ್‌ನಲ್ಲಿ ಹಾಗೆ ಬಿಟ್ಟಾಗ ಟೊಂಗಾ ತಂಡ ನ್ಯೂಜಿಲೆಂಡ್ ವಿರುದ್ಧ ಆಡಿತು, ಅದೇ ಆಕ್ಲೆಂಡ್‌ನಲ್ಲಿ. ಪಕ್ಕದ ಮನೆಯ ಬೇಲಿಗೆ ಮತ್ತೆ ಕೆಂಪು ಬಾವುಟ ಬಂದಿದೆ ಎಂದು ಮಗಳು ಫೋನಿನಲ್ಲಿ ತಿಳಿಸಿದ್ದಳು.